ಹೇಳದೆ ಬಿಟ್ಟ ಮಾತು

ಮಾರ್ಚ್ ೪, ಮಂಗಳವಾರ

ಇವತ್ತಿನಿಂದ ನಾಲ್ಕು ಸಾಲು ಬರೆಯೋಣ ಎಂದುಕೊಂಡಿದ್ದೇನೆ. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ನಮಗೆ ಮಕ್ಕಳಿಲ್ಲ. ಹೆಂಡತಿ ಇದ್ದಾಳೆ, ಆದರೆ ಎರಡು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಪಾರ್ಶ್ವವಾಯು ಬಡಿದು ಬಿದ್ದ ಮೇಲೆ ಅವಳ ಬಲಗೈ ಸೋತಿದೆ, ಮಾತು ಅಡ್ಡದಿಡ್ಡಿಯಾಗಿದೆ. ನೀರು ಬೇಕಾದಾಗ ಬಾಗಿಲು ಎನ್ನುತ್ತಾಳೆ. ನಾನು ಎದ್ದು ಹೋಗಿ ಬಾಗಿಲು ತೆರೆಯುತ್ತೇನೆ. ಅವಳು ಹಣೆ ಚಚ್ಚಿಕೊಳ್ಳುತ್ತಾಳೆ.

ಇವತ್ತು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯ ಹತ್ತಿರ ಹೋಗಿದ್ದೆವು. ಅವರ ಹುದ್ದೆಗೆ ಬಾಗಿಲ ಮೇಲೆ ಉದ್ದದ ಹೆಸರಿದೆ. ನಾನು ಮಾತಿನ ಟೀಚರು ಎಂದೇ ಕರೆಯುತ್ತೇನೆ. ಅವರು ನೀರು, ಅನ್ನ, ದಿಂಬು ಎಂದು ಹೇಳಿಸುತ್ತಾರೆ ಅಂದುಕೊಂಡರೆ ಒಂದು ಚೀಟಿ ಮುಂದಿಟ್ಟರು. ‘ಎಲ್ಲ ಬೆಕ್ಕುಗಳಿಗೂ ಬಾಲವಿದೆ. ಇದಕ್ಕೂ ಬಾಲವಿದೆ. ಆದ್ದರಿಂದ ಇದು ಬೆಕ್ಕು. ಸರಿಯೋ ತಪ್ಪೋ?’

“ತಪ್ಪು. ನಾಯಿಗೂ ಬಾಲ ಇರತ್ತೆ” ಅಂದೆ.

“ಸರ್, ಪ್ರಶ್ನೆ ನಿಮಗಲ್ಲ.”

“ಅಲ್ಲ ಮೇಡಂ, ನೀರು ಅನ್ನೋಕೇ ಬರದವಳಿಗೆ ಈ ತರ್ಕ ಎಲ್ಲ ಯಾಕೆ?”

“ಅಮ್ಮಂಗೆ ಮಾತು ಸಿಕ್ಕಾಕ್ಕೊಂಡಿದೆ, ಬುದ್ಧಿ ಅಲ್ಲ. ಕೆಲಸ ಕೊಡದೆ ಕೂರಿಸಿದ್ರೆ ಅದಕ್ಕೂ ತುಕ್ಕು ಹಿಡಿಯತ್ತೆ.”

ಸಿಕ್ಕಿಕೊಳ್ಳುವುದೆಂದರೆ ಏನೆಂದು ನನಗೆ ಗೊತ್ತು. ಲಿಫ್ಟ್ ರಿಪೇರಿ ನನ್ನ ಕಸುಬು. ಒಳಗೆ ಸಿಕ್ಕಿಕೊಂಡವರು ಬಾಗಿಲು ಬಡಿಯುತ್ತಾರೆ, ಬೈಯುತ್ತಾರೆ, ಅಳುತ್ತಾರೆ. ಇವಳು ಗೋಡೆ ನೋಡುತ್ತ ಕೂರುತ್ತಾಳೆ. ಒಳಗೆ ಯಾರಾದರೂ ಇದ್ದಾರೆಂದು ನಾನು ಹೇಗೆ ನಂಬಲಿ?

ದಿನಾ ಅರ್ಧ ಗಂಟೆ ಮನೆಯಲ್ಲೂ ಮಾಡಿಸಬೇಕಂತೆ. ಒಂದು ಕಂತೆ ಹಾಳೆ ಕೊಟ್ಟು ಕಳಿಸಿದ್ದಾರೆ.

ಮಾರ್ಚ್ ೮, ಶನಿವಾರ

ಕೆಲಸ ಮುಗಿಸಿ ಬಂದು, ಗ್ರೀಸು ತೊಳೆದು, ಅನ್ನಕ್ಕಿಟ್ಟು, ಅವಳ ಕೂದಲು ಬಾಚಿ, ಹಾಳೆ ಹಿಡಿದು ಕೂತೆ. ಕಣ್ಣು ತಾನಾಗಿ ಮುಚ್ಚುತ್ತಿತ್ತು.

‘ಮಳೆ ಬಂದರೆ ರಸ್ತೆ ಒದ್ದೆಯಾಗುತ್ತದೆ. ರಸ್ತೆ ಒದ್ದೆಯಾಗಿದೆ. ಆದ್ದರಿಂದ ಮಳೆ ಬಂದಿದೆ.’ ಓದಿ ಹೇಳಿದೆ. ಅವಳು ಎಡಗೈಯಲ್ಲಿ ಪೆನ್ಸಿಲು ಹಿಡಿದು ತಪ್ಪು ಗುರುತು ಹಾಕಿದಳು.

“ಸರಿಯಾಗಿ ಕೇಳಿಸ್ಕೊಳ್ಳೇ. ಮಳೆ ಬಂದ್ರೆ ಒದ್ದೆ. ಒದ್ದೆ ಆಗಿದೆ. ಅಂದ್ರೆ ಬಂದಿದೆ ತಾನೇ?”

ಅವಳು ತಲೆ ಅಲ್ಲಾಡಿಸಿ ಕಿಟಕಿಯ ಕಡೆ ಕೈ ತೋರಿಸಿದಳು. ಸೆಖೆಯಾಗುತ್ತಿರಬೇಕೆಂದು ಹೋಗಿ ಕಿಟಕಿ ತೆರೆದೆ. ಎದುರುಮನೆಯಾತ ಪೈಪು ಹಿಡಿದು ತನ್ನ ಸ್ಕೂಟರ್ ತೊಳೆಯುತ್ತಿದ್ದ. ನೀರು ರಸ್ತೆಯುದ್ದಕ್ಕೂ ಹರಿದಿತ್ತು. ವಾಪಸು ಬಂದು ಅವಳ ಗುರುತನ್ನು ಅಳಿಸಿ ನಾನೇ ಸರಿ ಎಂದು ಹಾಕಿದೆ.

ಆಮೇಲೆ ಕೊನೆಯ ಹಾಳೆಯಲ್ಲಿ ಉತ್ತರ ನೋಡಿದರೆ ತಪ್ಪು ಎಂದೇ ಇದೆ. ಕಾಕತಾಳೀಯ ಇರಬೇಕು. ಇರುವುದೇ ಎರಡು ಉತ್ತರ, ಕಣ್ಣು ಮುಚ್ಚಿ ಹಾಕಿದರೂ ಅರ್ಧ ಸರಿಯಾಗುತ್ತವೆ.

ಮಾರ್ಚ್ ೧೩, ಗುರುವಾರ

ಅವಳ ಅಣ್ಣ ಬಂದಿದ್ದರು. ಭಾವ ಒಳ್ಳೆಯ ಮನುಷ್ಯ. ಹಣ್ಣು ತಂದಿದ್ದರು, ತಂಗಿಯ ತಲೆ ಸವರಿದರು, ಆಮೇಲೆ ನನ್ನನ್ನು ಹೊರಗಿನ ಕೋಣೆಗೆ ಕರೆದು ಅಂಗಡಿಯ ವಿಷಯ ಎತ್ತಿದರು.

ಅಂಗಡಿ ಎಂದರೆ ಅವಳ ಹೊಲಿಗೆ ಅಂಗಡಿ. ನಮ್ಮ ಮದುವೆಯಾದ ಹೊಸದರಲ್ಲಿ ಹಾಕಿದ್ದು. ಕೋಟು ಕತ್ತರಿಸುವುದರಲ್ಲಿ ಅವಳ ಕೈಯನ್ನು ಮೀರಿಸಿದವರಿಲ್ಲ ಎಂದು ಜನ ಊರಾಚೆಯಿಂದ ಬರುತ್ತಿದ್ದರು. ಈಗ ಅವಳ ಜೊತೆ ಹೊಲಿಯುವ ಹೆಂಗಸೊಬ್ಬಳೇ ಬಾಗಿಲು ತೆರೆದು, ಉಳಿದ ಹಳೆಯ ಕೆಲಸ ಮುಗಿಸುತ್ತಿದ್ದಾಳೆ. ಗುಂಡಿಗೆ ಕಾಜಾ ಹಾಕುವುದರಲ್ಲಿ ಎತ್ತಿದ ಕೈ, ಹಾಗಾಗಿ ಎಲ್ಲರಿಗೂ ಅವಳು ಕಾಜಾ.

“ಭಾವ, ನೀವೇ ಯೋಚ್ನೆ ಮಾಡಿ,” ಅಂದರು ಅವಳಣ್ಣ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು, ತಂಗಿ ಅವರಿಗೆ ಪುಟ್ಟಿ. “ಪುಟ್ಟಿ ಕೈಲಿ ಇನ್ನು ಕತ್ತರಿ ಹಿಡಿಯೋಕಾಗಲ್ಲ. ಕತ್ತರಿ ಹಿಡೀದೆ ದರ್ಜಿ ಅಂಗಡಿ ಇಲ್ಲ. ಮತ್ತೆ ಬಾಗಿಲು ತೆಗೆದಿಟ್ಕೊಂಡು ಏನ್ ಮಾಡ್ತೀರಿ?”

ಕೊಂಕು ಹುಡುಕಲು ಜಾಗವೇ ಇಲ್ಲದ ಮಾತು. ಅವಳಿಗೆ ಹೇಳುವುದು ಬೇಡ, ಸುಮ್ಮನೆ ನೊಂದುಕೊಳ್ಳುತ್ತಾಳೆ, ಹೇಳಿದರೂ ಎಷ್ಟು ತಿಳಿಯುತ್ತದೋ ಎಂದು ಇಬ್ಬರೂ ಒಪ್ಪಿದೆವು. ಮಧ್ಯಾಹ್ನ ಹೋಗಿ ಅಂಗಡಿ ಮಾಲೀಕರಿಗೆ ಏಪ್ರಿಲ್ ಮುಗಿಯುವಾಗ ಬಿಡುತ್ತೇವೆ ಎಂದು ಹೇಳಿ ಬಂದೆ. ಒಂದು ಹೊರೆ ಇಳಿಯಿತು.

ಮಾರ್ಚ್ ೧೯, ಬುಧವಾರ

ದಣಿವು. ಹಾಳೆ ತೆಗೆಯಲಿಲ್ಲ. ಅವಳೇ ಎಡಗೈಯಲ್ಲಿ ಎಳೆದು ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ನಾಳೆ ಎಂದೆ.

ಮಾರ್ಚ್ ೨೫, ಮಂಗಳವಾರ

ಟೀಚರು ಇವತ್ತು ಹೊಸ ಬಗೆಯ ಪ್ರಶ್ನೆ ಕೊಟ್ಟರು. ಸರಿ ತಪ್ಪು ಹೇಳಿದರೆ ಸಾಲದು. ಯಾರಾದರೂ ಒಂದು ತೀರ್ಮಾನಕ್ಕೆ ಬಂದಾಗ ಅದರ ಹಿಂದೆ ಬಾಯಿಬಿಟ್ಟು ಹೇಳದೆ ಬಿಟ್ಟ ಮಾತೊಂದು ಇರುತ್ತದಂತೆ. ಅದನ್ನು ಹುಡುಕಬೇಕು.

“ಉದಾಹರಣೆಗೆ, ‘ಅವನು ಕನ್ನಡಕ ಹಾಕಿದ್ದಾನೆ, ಆದ್ದರಿಂದ ತುಂಬ ಓದಿದವನು.’ ಇದ್ರಲ್ಲಿ ಹೇಳದೇ ಬಿಟ್ಟಿರೋ ಮಾತು ಯಾವುದು?”

ನನಗೆ ಥಟ್ಟನೆ ಹೊಳೆಯಲಿಲ್ಲ. ಅವಳು ನನ್ನ ಮುಖ ನೋಡಿದಳು, ನನ್ನ ಮೂಗಿನ ಮೇಲಿದ್ದ ಕನ್ನಡಕ ನೋಡಿದಳು, ನಕ್ಕಳು. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. ಟೀಚರೂ ನಕ್ಕರು. ಹತ್ತನೇ ಕ್ಲಾಸು ಎರಡು ಸಲ ಬರೆದವನು ನಾನು. ನಗಲಿ.

ಹೊರಡುವಾಗ ಟೀಚರು, “ಸರ್, ಅವರ ವಾಕ್ಯ ನೀವು ಮುಗಿಸ್ಬೇಡಿ. ಎಷ್ಟು ಹೊತ್ತಾದ್ರೂ ಕಾಯಿರಿ” ಅಂದರು. ಹೇಳುವುದು ಸುಲಭ. ಅವಳು ಸೋಪು ಎನ್ನುವಷ್ಟರಲ್ಲಿ ಬಕೆಟ್ಟಿನ ಬಿಸಿನೀರು ಆರಿಹೋಗುತ್ತದೆ.

ಏಪ್ರಿಲ್ ೨, ಬುಧವಾರ

ನದಿಯ ಕಡೆಯ ಹನ್ನೆರಡು ಮಹಡಿ ಕಟ್ಟಡದ ಲಿಫ್ಟು ಮತ್ತೆ ಕೆಟ್ಟಿತ್ತು. ಬಾಗಿಲು ಮುಚ್ಚುತ್ತದೆ, ತೆರೆಯುತ್ತದೆ, ಮುಚ್ಚುತ್ತದೆ. ಮೂರನೇ ಸಲ ಕರೆಸಿದ್ದಾರೆ. ಎರಡು ಸಲವೂ ಸೆನ್ಸರ್ ಬದಲಿಸಿ ಬಂದಿದ್ದೆ. ಇವತ್ತೂ ಹೊಸ ಸೆನ್ಸರ್ ಕೈಯಲ್ಲಿ ಹಿಡಿದವನು ಅಲ್ಲೇ ನೆಲದ ಮೇಲೆ ಕೂತೆ. ಸೆನ್ಸರೇ ಎಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ನಾನೇ. ಟಾರ್ಚು ಹಾಕಿ ಬಾಗಿಲ ಕೆಳಗಿನ ಹಳಿಯ ಸಂದನ್ನು ಪೂರ್ತಿ ಕೆರೆದೆ. ಯಾವುದೋ ಮಗುವಿನ ಆಟಿಕೆಯ ಚಕ್ರವೊಂದು ಸಿಕ್ಕಿಕೊಂಡಿತ್ತು.

ಬೆನ್ನು ನೋವು. ಇಬ್ಬರೂ ಎರಡು ಹಾಳೆ ಮಾಡಿದೆವು. ಅವಳದ್ದು ಒಂದು ತಪ್ಪು. ನನ್ನದು ಮೂರು.

ಏಪ್ರಿಲ್ ೬, ಭಾನುವಾರ

ಕಾಜಾ ನೋಡಲು ಬಂದಳು. ಅವಳ ಬಾಯಿಗೆ ಬೀಗ ಇಲ್ಲ. ನಾನು ಚಹಾ ಸೋಸುತ್ತಿದ್ದೆ. ಕೋಣೆಯೊಳಗಿಂದ ಅವಳ ದನಿ ಕೇಳಿಸಿತು.

“ಅಕ್ಕಾ, ಮಾಲೀಕರು ನಿನ್ನೆ ಯಾರನ್ನೋ ಕರ್ಕೊಂಡು ಬಂದು ಗೋಡೆಯೆಲ್ಲ ಅಳತೆ ಮಾಡಿಸಿದ್ರು. ಔಷಧಿ ಅಂಗಡಿ ಬರತ್ತಂತೆ. ನಮ್ಮ ಕಟಿಂಗ್ ಮೇಜು ಎಲ್ಲಿಗೆ ಸಾಗ್ಸೋದು ಹೇಳು.”

ಚಹಾ ಹಿಡಿದು ಬಾಗಿಲಲ್ಲಿ ನಿಂತೆ. ನನ್ನ ಹೆಂಡತಿ ಕಾಜಾಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಏನೂ ಕೇಳದಿದ್ದರೂ ನಾನು ಬಡಬಡಿಸಿದೆ. “ಅದು, ಭಾವ ಹೇಳಿದ್ರು, ಈಗಿನ ಪರಿಸ್ಥಿತೀಲಿ…”

“ನೀವು” ಅಂದಳು. ಒಂದೇ ಮಾತು. ತೊದಲಲಿಲ್ಲ, ಬೇರೆ ಶಬ್ದ ಅಡ್ಡ ಬರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಏಪ್ರಿಲ್ ೭, ಸೋಮವಾರ

ಊಟ ಮುಟ್ಟಲಿಲ್ಲ.

ಏಪ್ರಿಲ್ ೯, ಬುಧವಾರ

ಮೌನ ಎಂದರೆ ಏನೆಂದು ಈಗ ಗೊತ್ತಾಯಿತು. ಇಷ್ಟು ದಿನ ಇದ್ದದ್ದು ಮೌನವಲ್ಲ, ಮಾತು ಬರದಿದ್ದದ್ದು.

ಸಂಜೆ ತಡೆಯಲಾಗದೆ ಅವಳ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. “ನೋಡು, ಸಿಟ್ಟು ಬಿಟ್ಟು ಕೇಳು. ಹಾಳೇಲಿ ಕೇಳ್ತಾರಲ್ಲ, ಹಾಗೇ ಕೇಳ್ತೀನಿ. ನಿನ್ನ ಬಲಗೈಲಿ ಕತ್ತರಿ ಹಿಡಿಯೋಕಾಗಲ್ಲ. ನಿಜವಾ?”

ತಲೆ ಆಡಿಸಿದಳು.

“ಬಟ್ಟೆ ಕತ್ತರಿಸ್ದೆ ದರ್ಜಿ ಅಂಗಡಿ ನಡಿಯಲ್ಲ. ನಿಜವಾ?”

ಅದಕ್ಕೂ ಆಡಿಸಿದಳು.

“ಮತ್ತೆ? ಅಂಗಡಿ ಬಿಡದೆ ಇನ್ನೇನು ದಾರಿ ಇದೆ, ನೀನೇ ಹೇಳು.”

ಅವಳ ತುಟಿ ಅಲುಗಿತು. ಏನೋ ಬರಲಿದೆ ಎಂದು ಕಾದೆ. ಬಾಯಿ ತೆರೆದಳು, ಮುಚ್ಚಿದಳು, ತಪ್ಪು ಶಬ್ದ ಬಂತೆಂದು ತಾನೇ ತಲೆ ಕೊಡವಿದಳು. ಕೆಳಗೆ ಯಾರೋ ಗಾಡಿ ಶುರು ಮಾಡಿ ಹೋದರು. ನಲ್ಲಿ ತೊಟ್ಟಿಕ್ಕುತ್ತಿತ್ತು, ಎದ್ದು ನಿಲ್ಲಿಸಬೇಕೆನಿಸಿತು, ಏಳಲಿಲ್ಲ.

“ಯಾರ…” ಅಂದಳು. “ಯಾರ ಕೈ?”

“ಯಾರ ಕೈ ಅಂದ್ರೆ? ಕತ್ತರಿಸೋದಾ? ನಿನ್ನ ಕೈ.”

ಅಲ್ಲ ಎಂದು ತಲೆ ಆಡಿಸಿದಳು. “ಕಾಜಾ.”

“ಕಾಜಾಗೆ ಕಟಿಂಗ್ ಎಲ್ಲಿ ಬರತ್ತೆ?”

“ಬರಲ್ಲ” ಎಂದು ಒಪ್ಪಿದಳು. ಎಡಗೈಯ ಬೆರಳನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. “ನಂಗೆ… ಬರತ್ತೆ.”

ಕತ್ತರಿ ಬೇಕು, ಸರಿ. ಕತ್ತರಿ ಹಿಡಿಯುವ ಕೈ ಅವಳದ್ದೇ ಆಗಿರಬೇಕೆಂದು ಭಾವ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳದೆಯೇ ಇಬ್ಬರೂ ಒಪ್ಪಿ ಎದ್ದುಬಿಟ್ಟಿದ್ದೆವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

ಅನ್ನ ಉಂಡಳು. ನನ್ನ ಜೊತೆ ಇನ್ನೂ ರಾಜಿಯಾಗಿಲ್ಲ.

ಏಪ್ರಿಲ್ ೧೩, ಭಾನುವಾರ

ಆಟೋದಲ್ಲಿ ಅವಳನ್ನು ಅಂಗಡಿಗೆ ಕರೆದುಕೊಂಡು ಹೋದೆ. ಹತ್ತಿಸುವುದು ಇಳಿಸುವುದರಲ್ಲೇ ನನ್ನ ಜೀವ ಅರ್ಧವಾಯಿತು. ಅವಳು ಮೇಜಿನ ಅಂಚನ್ನು ಹಿಡಿದು ನಿಂತಳು. ಆಮೇಲೆ ಕಾಜಾಳ ಕಡೆ ಸೀಮೆಸುಣ್ಣ ಚಾಚಿದಳು.

ಹಳೆಯ ಗಿರಾಕಿಯೊಬ್ಬರ ಕೋಟಿನ ಅಳತೆ. ಇವಳು ಎಡಗೈಯಲ್ಲಿ ಗೆರೆ ತೋರಿಸುವುದು, ಕಾಜಾ ಎಳೆಯುವುದು, ಇವಳು ತಲೆ ಆಡಿಸಿದರೆ ಕತ್ತರಿ ಹಾಕುವುದು. ಹೇಳಿದಷ್ಟು ಸಲೀಸಲ್ಲ.

“ಬೆಕ್ಕು” ಅಂದಳು ಇವಳು.

“ಬೆಕ್ಕಾ ಅಕ್ಕಾ?”

“ಬೆಕ್ಕು! ಬೆಕ್ಕು!” ಮುಖ ಕೆಂಪಾಯಿತು. ನನಗೆ ಗೊತ್ತಾಗಿತ್ತು, ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೊನೆಗೆ ಅವಳು ತಿರುಗಿ ನಿಂತು ತನ್ನ ಬೆನ್ನು ತಟ್ಟಿಕೊಂಡಳು. “ಓ, ಬೆನ್ನು! ಬೆನ್ನಿನ ಭಾಗ!” ಎಂದು ಕಾಜಾ ಹಣೆ ಹಣೆ ಬಡಿದುಕೊಂಡಳು. ಅಲ್ಲಿಂದ ಇಡೀ ಮಧ್ಯಾಹ್ನ ಬೆನ್ನಿನ ಭಾಗಕ್ಕೆ ಬೆಕ್ಕು ಎಂದೇ ಹೆಸರಾಯಿತು.

ಕೊನೆಗೆ ನೋಡಿದರೆ ಎರಡೂ ತೋಳು ಎಡಗೈಯದ್ದೇ ಕತ್ತರಿಸಿಬಿಟ್ಟಿದ್ದರು. ಒಳ್ಳೆಯ ಬಟ್ಟೆ ಹಾಳಾಯಿತು. ಕಾಜಾ ಅಳು ಮುಖ ಮಾಡಿದಳು. ಇವಳು ತೋಳೆರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಳು, ಉಳಿದ ಬಟ್ಟೆಯ ಕಡೆ ನೋಡಿದಳು, “ಮತ್ತೆ” ಅಂದಳು. ಅಷ್ಟು ಹೇಳಿ ಕುರ್ಚಿಯಲ್ಲೇ ನಿದ್ದೆ ಹೋದಳು.

ಇದು ನಡೆಯುವ ಕೆಲಸವೋ ಅಲ್ಲವೋ ನನಗೆ ತಿಳಿಯುತ್ತಿಲ್ಲ. ಒಂದು ದಿನ ಕೆಟ್ಟಿತೆಂದರೆ ಎಲ್ಲ ದಿನವೂ ಕೆಡುತ್ತದೆ ಎಂದೇನಲ್ಲ. ಹಾಗೆಂದು ನಾಳೆ ಸರಿಹೋಗುತ್ತದೆ ಎಂದೂ ಅಲ್ಲ.

ಏಪ್ರಿಲ್ ೧೬, ಬುಧವಾರ

ಭಾವನಿಗೆ ಸುದ್ದಿ ಮುಟ್ಟಿದೆ. ಬಂದವರು ಚಪ್ಪಲಿಯನ್ನೂ ಬಿಡದೆ ಶುರು ಮಾಡಿದರು.

“ಏನ್ ಭಾವ ಇದು? ಅವಳನ್ನ ಅಂಗಡೀಲಿ ನಿಲ್ಲಿಸಿ ದುಡಿಸ್ತಿದ್ದೀರಂತೆ?”

“ಅವಳೇ ಹೋಗ್ಬೇಕು ಅಂದ್ಲು.”

“ಪುಟ್ಟಿಗೇನು ಗೊತ್ತಾಗತ್ತೆ? ನೆಟ್ಟಗೆ ಮಾತೇ ಬರಲ್ಲ.”

“ಮಾತು ಬರಲ್ಲ ಅಂದ್ರೆ ಗೊತ್ತಾಗಲ್ಲ ಅಂತ ಹೇಗಾಯ್ತು ಭಾವ? ಅದೂ ಇದೂ ಒಂದೇನಾ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದವನಲ್ಲ ನಾನು. ದಣಿವಿನಿಂದ ಸಿಡುಕಿದ್ದಿರಬೇಕು. ಆಮೇಲೆ ಅವರ ದನಿ ಇಳಿಯಿತು. ಕಣ್ಣಲ್ಲಿ ನೀರಿತ್ತು. “ಅಂಗಡೀಲಿ ಇನ್ನೊಂದ್ಸಲ ಬಿದ್ರೆ? ಯಾರಿದ್ದಾರೆ ಅಲ್ಲಿ? ನಂಗಿರೋಳು ಒಬ್ಳೇ ತಂಗಿ.”

ನಾನು ಲಿಫ್ಟಿನ ಗುಂಡಿಯೊಳಗೆ ಇಳಿದಾಗಲೆಲ್ಲ ಹೆದರುವುದೂ ಇದಕ್ಕೇ.

ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದು ಅವಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಭಾವ “ಏನಮ್ಮ ಪುಟ್ಟಿ, ನೀರು ಬೇಕಾ? ಕೂತ್ಕೋತೀಯಾ?” ಎಂದು ಎದ್ದರು. ನಾನು ಅವರ ತೋಳು ಹಿಡಿದು ಕೂರಿಸಿದೆ.

“ಅವತ್ತು…” ಅಂದಳು. ಉಸಿರು ತೆಗೆದುಕೊಂಡಳು. “ಅವತ್ತು ಬಿದ್ದಿದ್ದು… ಮನೇಲಿ.”

ಮನೆಯಲ್ಲಿ, ಅಡುಗೆಮನೆಯಲ್ಲಿ, ಒಬ್ಬಳೇ. ನಾನು ಕೆಲಸದಿಂದ ಬರುವವರೆಗೂ ನೆಲದ ಮೇಲೇ ಇದ್ದಳು. ಅಂಗಡಿಯಲ್ಲಾದರೆ ಕಾಜಾ ಇರುತ್ತಾಳೆ, ರಸ್ತೆಯ ತುಂಬ ಜನ ಇರುತ್ತಾರೆ.

ಭಾವ ಚಪ್ಪಲಿ ಬಿಟ್ಟು, ಚಹಾ ಕುಡಿದು ಹೋದರು. ಒಪ್ಪಿದೆನೆಂದು ಹೇಳಲಿಲ್ಲ.

ಏಪ್ರಿಲ್ ೧೯, ಶನಿವಾರ

ಮಾಲೀಕರ ಹತ್ತಿರ ಹೋದೆವು. ನಾನು ಬಿಡುತ್ತೇನೆ ಎಂದ ಮಾತನ್ನು ನಾನೇ ವಾಪಸು ಕೇಳುವುದು, ಉಗಿದು ನೆಕ್ಕಿದ ಹಾಗೆ. ಹೇಗೋ ಕೇಳಿದೆ.

“ಆಗಲ್ಲ. ಔಷಧಿ ಅಂಗಡಿಯವರಿಗೆ ಮಾತು ಕೊಟ್ಟಾಗಿದೆ. ನೀವು ಬಿಡ್ತೀನಿ ಅಂದಿದ್ದಕ್ಕೇ ಕೊಟ್ಟಿದ್ದು.”

ಅವರದ್ದೇನೂ ತಪ್ಪಿಲ್ಲ. ಎದ್ದು ಹೊರಡಬೇಕೆಂದು ನಾನು ಕುರ್ಚಿ ಸರಿಸಿದೆ. ಅವಳು ಏಳಲಿಲ್ಲ. ಎಡಗೈ ಎತ್ತಿ ಭುಜದ ಹಿಂದಕ್ಕೆ ತೋರಿಸಿದಳು, “ಹಿಂದೆ” ಅಂದಳು. ಅಂಗಡಿಯ ಹಿಂದೆ ಓಣಿಗೆ ಬಾಗಿಲಿರುವ ಕೋಣೆಯೊಂದಿದೆ. ಹಳೆಯ ಸಾಮಾನು ತುಂಬಿ ಬೀಗ ಹಾಕಿದ್ದಾರೆ. ನನಗೆ ಅದರ ನೆನಪೇ ಇರಲಿಲ್ಲ.

ಮಾಲೀಕರು ನನ್ನ ಕಡೆ ತಿರುಗಿ, “ಆ ಕೋಣೆಗೆ ಯಾರ್ರೀ ಬರ್ತಾರೆ? ಬೋರ್ಡು ಹಾಕಿದ್ರೂ ರಸ್ತೆಗೆ ಕಾಣಲ್ಲ. ಹೇಳಿ ನಿಮ್ಮ ಮನೆಯವರಿಗೆ” ಅಂದರು.

ಹೇಳಲಿಲ್ಲ. ನಾನೇನು ಹೇಳಲಿ, ಅವಳು ಅಲ್ಲೇ ಕೂತಿದ್ದಾಳೆ. ಮಾಲೀಕರು ಕಾದರು, ಕೆಮ್ಮಿದರು, ಫ್ಯಾನು ಜೋರು ಮಾಡಿದರು. ಅವಳು ಒಂದೊಂದೇ ಶಬ್ದವನ್ನು ಭಾರದ ಪೆಟ್ಟಿಗೆಯಂತೆ ಎತ್ತಿಟ್ಟಳು.

“ಬೋರ್ಡ್ ನೋಡಿ… ಯಾರೂ… ಬಂದಿರ್ಲಿಲ್ಲ.”

ಮಾಲೀಕರು ಅವಳನ್ನೇ ನೋಡಿದರು, ಮೊದಲ ಸಲ ನೇರವಾಗಿ. ಅವರ ಕೋಟೂ ಅವಳೇ ಕತ್ತರಿಸಿದ್ದು. “ಅದೂ ಸರೀನೇ” ಎಂದು ಗೊಣಗಿಕೊಂಡು ಬೀಗದ ಕೈ ಹುಡುಕಲು ಎದ್ದರು.

ಮೇ ೨, ಶುಕ್ರವಾರ

ಹಿಂದಿನ ಕೋಣೆ ಸಣ್ಣದು. ಕಟಿಂಗ್ ಮೇಜು ಬಾಗಿಲಲ್ಲಿ ಹಿಡಿಸದೆ ಕಾಲು ಬಿಚ್ಚಿ ಒಳಗೆ ತಂದೆವು. ಬೆಳಕು ಸಾಲದು, ಎರಡು ಬಲ್ಬು ಎಳೆದುಕೊಟ್ಟೆ. ಮುಂದುಗಡೆ ಔಷಧಿ ಅಂಗಡಿಯವರು ಗೋಡೆಗೆ ಮೊಳೆ ಹೊಡೆಯುವ ಸದ್ದು ಇಡೀ ದಿನ. ಅವಳ ತಲೆನೋವು ಹೆಚ್ಚಾಯಿತು. ಇಡೀ ವಾರಕ್ಕೆ ಮೂರು ಗಿರಾಕಿ. ಒಬ್ಬರು ಅವಳ ಮಾತು ಕೇಳಿ, ಆಮೇಲೆ ಬರ್ತೀನಿ ಎಂದು ಬಟ್ಟೆ ಹಿಡಿದುಕೊಂಡೇ ಹೋದರು. ಇಬ್ಬರು ಕೊಟ್ಟು ಹೋದರು.

ಕಾಜಾ ಕತ್ತರಿಸಿದ ಮೊದಲ ಕೋಟು ಇವತ್ತು ಮುಗಿಯಿತು. ಇವಳು ಅದನ್ನು ಒಳಹೊರಗೆ ತಿರುಗಿಸಿ ನೋಡಿ ಒಂದು ಹೊಲಿಗೆ ಬಿಚ್ಚಿಸಿದಳು, ಇನ್ನೊಂದು ಸಲ ಹಾಕಿಸಿದಳು. ಚೆನ್ನಾಗಿದೆ ಎಂದು ಹೇಳಲಿಲ್ಲ. ಮೊದಲೂ ಹೇಳುತ್ತಿರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ನನ್ನ ಕಡೆ ನೋಡದೆ, “ಕೇಳ್ಬೇಕಿತ್ತು… ನನ್ನ” ಅಂದಳು.

“ಹೌದು” ಅಂದೆ.

ಮೇ ೮, ಗುರುವಾರ

ಮೇಲಧಿಕಾರಿ ಕರೆಸಿದ್ದರು. ದೂರು ಬರೆದುಕೊಳ್ಳುವ ಕೋಣೆಯಲ್ಲಿ ಫೋನಿನ ಮುಂದೆ ಕೂರುವ ಕೆಲಸ ಖಾಲಿಯಾಗಿದೆಯಂತೆ. ಹತ್ತುವುದು ಇಳಿಯುವುದು ಇಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬಹುದು, ಸಂಬಳ ಒಂದಿಷ್ಟು ಕಡಿಮೆ. “ನಿಮ್ಮ ಮನೆ ಪರಿಸ್ಥಿತಿ ಗೊತ್ತಲ್ಲ, ಅದಕ್ಕೇ ಮೊದಲು ನಿಮ್ಮನ್ನೇ ಕೇಳಿದ್ದು. ನಾಳೆ ಹೇಳಿಬಿಡಿ” ಅಂದರು.

ಒಪ್ಪುವುದೇ ಸರಿ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಮೊಣಕಾಲು ಸವೆದಿದೆ. ಅವಳಿಗೂ ಆಸರೆ. ಆದರೆ ಅವಳಿಗೆ ಆಸರೆ ಎಂದು ಅವಳು ಹೇಳಿಲ್ಲವಲ್ಲ.

ಊಟವಾದ ಮೇಲೆ ಎಲ್ಲವನ್ನೂ ಹೇಳಿ ಕೇಳಿದೆ. ಬೇಗ ಬಂದು ಪಕ್ಕದಲ್ಲೇ ಕೂತರೆ ಅವಳಿಗೆ ಉಸಿರು ಕಟ್ಟುತ್ತದೆಯೋ ಏನೋ, ಅದನ್ನೂ ಕೇಳಿದೆ. ಅವಳು ನನ್ನ ಮೊಣಕಾಲು ನೋಡಿದಳು.

“ಯೋಚ್ನೆ… ಮಾಡಿ… ಹೇಳ್ತೀನಿ” ಅಂದಳು.

ಸರಿ ಎಂದೆ. ಪಾತ್ರೆ ತೊಳೆದಿಟ್ಟು ಮಲಗಿದೆ.

ಮೇ ೯, ಶುಕ್ರವಾರ

ಬೆಳಿಗ್ಗೆ ಅವಳು ಏನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಮಧ್ಯಾಹ್ನ ಮೇಲಧಿಕಾರಿ ಮೆಟ್ಟಿಲ ಹತ್ತಿರ ಹಿಡಿದುಕೊಂಡು, “ಏನ್ರೀ, ಏನ್ ತೀರ್ಮಾನ ಆಯ್ತು?” ಅಂದರು.

“ಮನೆಯವಳು ಇನ್ನೂ ಹೇಳಿಲ್ಲ ಸರ್.”

“ಹೇಳಿಲ್ವಾ? ಒಂದು ಹೂಂ ಅಥವಾ ಉಹೂಂ ಅನ್ನೋಕೆ ಎಷ್ಟು ಹೊತ್ತು ಬೇಕ್ರೀ?”

“ಹೊತ್ತು ಹಿಡಿಯತ್ತೆ ಸರ್” ಅಂದೆ. “ಸೋಮವಾರದವರೆಗೆ ಕಾಯಿರಿ.”

ಗೊಣಗಿದರು, ಒಪ್ಪಿದರು. ನಾನು ಚೀಲ ಹೆಗಲಿಗೇರಿಸಿಕೊಂಡು ಇವತ್ತಿನ ಕೆಲಸದ ಕಟ್ಟಡಕ್ಕೆ ಹೋಗಿ ಆರನೇ ಮಹಡಿ ಹತ್ತಿದೆ. ಅಲ್ಲಿನ ಲಿಫ್ಟು ಕೆಟ್ಟಿತ್ತು.